ಮೂಗು, ಕತ್ತು ಕೊಟ್ಟ ತೀರ್ಪು

2024ರ ಫೆಬ್ರುವರಿ 2ರಂದು ಅಮೆರಿಕದಲ್ಲಿ ಮುಖಕ್ಕೆ ತೊಡುವ ಆಪಲ್ ವಿಷನ್ ಪ್ರೊ ಹೆಡ್‌ಸೆಟ್ ಮಾರಾಟಕ್ಕೆ ಬಂತು. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಮಳಿಗೆಯ ಬಾಗಿಲಲ್ಲಿ ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಅವರೇ ನಿಂತು ಮೊದಲ ಗಿರಾಕಿಗಳನ್ನು ಬರಮಾಡಿಕೊಂಡರು. ಬೆಲೆ 3,499 ಡಾಲರ್. ಆಗಿನ ಲೆಕ್ಕದಲ್ಲಿ, ತೆರಿಗೆ ಬಿಟ್ಟು, ಸುಮಾರು 2.9 ಲಕ್ಷ ರೂಪಾಯಿ. ಎರಡು ವಾರ ಕಳೆಯುವಷ್ಟರಲ್ಲಿ ಕೆಲವರು ಅದನ್ನು ಪೆಟ್ಟಿಗೆ ಸಮೇತ ಮಳಿಗೆಗೆ ಹೊತ್ತು ತಂದು ದುಡ್ಡು ವಾಪಸ್ ಪಡೆದರು. ತಲೆನೋವು, ಕಣ್ಣುರಿ, ಕತ್ತು ಹಿಡಿದುಕೊಳ್ಳುವುದು, ತಲೆಸುತ್ತು: ಅವರು ಹೇಳಿದ ಕಾರಣಗಳು ಇವು.

ಹಾಗೆ ವಾಪಸ್ ಕೊಟ್ಟವರ ಬಗ್ಗೆ ಎರಡು ಮಾತು ಕೇಳಿಬಂದವು. ವಿಡಿಯೊ ಮಾಡಿ ಹಾಕಲಿಕ್ಕೆಂದೇ ಕೊಂಡು, ಬಿಟ್ಟಿಯಾಗಿ ಬಳಸಿ ಹಿಂತಿರುಗಿಸಿದರು ಎಂಬುದು ಒಂದು. ನೋಡಿ, ಆಪಲ್ ಮುಗ್ಗರಿಸಿತು ಎಂಬುದು ಇನ್ನೊಂದು. ಎರಡೂ ಮಾತು ಆ ಜನರಿಗೆ ಅನ್ಯಾಯ ಮಾಡುತ್ತವೆ. ವಿಡಿಯೊ ಮಾಡಲೆಂದೇ ಕೊಂಡವರು ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಉಳಿದವರು ಒಂದು ದುಬಾರಿ ಯಂತ್ರವನ್ನು ಮುಖಕ್ಕೆ ಕಟ್ಟಿಕೊಂಡು, ಮನೆಯಲ್ಲಿ ಅದರೊಂದಿಗೆ ಬದುಕಿ ನೋಡಿ, ನನ್ನ ಮೈಗೆ ಇದು ಒಗ್ಗಲಿಲ್ಲ ಎಂದು ಬಂದು ಹೇಳಿದವರು. ಆ ಸಾಧನದ ಬಗ್ಗೆ ಬಂದ ಅಷ್ಟೂ ವಿಮರ್ಶೆಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಈ ಮಾತಿನ ಮೇಲೆ.

ನಾನು ಇದನ್ನು ಹೇಳುತ್ತಿರುವುದು ನನ್ನ ಕಸುಬಿನ ಕಡೆಯಿಂದ. ಭದ್ರಾವತಿಯಲ್ಲಿ ಅಪ್ಪನ ಕನ್ನಡಕದ ಅಂಗಡಿಯಲ್ಲಿ ಕಡ್ಡಿ ಬಗ್ಗಿಸುವುದನ್ನು ಕಲಿತವಳು ನಾನು. ಈಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಕಣ್ಣಿನ ಕ್ಲಿನಿಕ್ಕೊಂದರಲ್ಲಿ ಫ್ರೇಮ್ ಹೊಂದಿಸಿಕೊಡುತ್ತೇನೆ. ಆಪಲ್‌ನ ಮುಖ್ಯ ಕಚೇರಿ ಇರುವ ಕುಪರ್ಟಿನೊ ನಮ್ಮ ಪಕ್ಕದ ಊರು. ಆ ಜನವರಿಯಲ್ಲಿ ಮುಂಗಡ ಬುಕಿಂಗ್ ಶುರುವಾದಾಗ ನಮ್ಮಲ್ಲಿಗೆ ಬರುವವರ ಚೀಟಿಗಳ ಮೇಲೆ ಹೊಸದೊಂದು ಕಾರಣ ಕಾಣಿಸಿಕೊಂಡಿತು. ಕನ್ನಡಕ ಹಾಕಿಕೊಂಡೇ ಆ ಹೆಡ್‌ಸೆಟ್ ತೊಡಲು ಬರುವುದಿಲ್ಲ; ಝೈಸ್ ಕಂಪನಿ ಮಾಡಿಕೊಡುವ ಪುಟ್ಟ ಮಸೂರಗಳನ್ನು ಅದರೊಳಗೆ ಕೂರಿಸಬೇಕು. ಬರೀ ಚಾಳೀಸಿನವರಿಗೆ 99 ಡಾಲರ್, ವೈದ್ಯರ ಚೀಟಿಯಂತೆ ಪವರ್ ಬೇಕಾದವರಿಗೆ 149. ಕಣ್ಣುಗಳ ಹೊಂದಾಣಿಕೆಗೆ ಪ್ರಿಸಂ ಬೇಕಾದವರಿಗೆ ಆ ಮಸೂರ ಸಿಗುವುದಿಲ್ಲ. ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ನೋಟವನ್ನು ಒಳಗಿನ ಕ್ಯಾಮೆರಾಗಳು ಸರಿಯಾಗಿ ಹಿಂಬಾಲಿಸದೆ ಹೋಗಬಹುದು. ಕೊಳ್ಳುವ ಮೊದಲೇ ಇದನ್ನೆಲ್ಲ ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕಾಯಿತು.

ನಮ್ಮ ಕಸುಬಿನಲ್ಲಿ ಎಲ್ಲವೂ ಗ್ರಾಂ ಲೆಕ್ಕ. ಒಳ್ಳೆಯ ಕನ್ನಡಕ ಮೂವತ್ತು ಗ್ರಾಂ ತೂಗಿದರೆ ಹೆಚ್ಚು. ಅದಕ್ಕಿಂತ ಕೊಂಚ ಭಾರದ ಫ್ರೇಮನ್ನು ಆಸೆಪಟ್ಟು ಆರಿಸಿ, ಕನ್ನಡಿ ನೋಡಿ ಖುಷಿಯಾಗಿ ಹೋದವರು ವಾರದ ಮೇಲೆ ಬಂದು ಮೂಗಿನ ಎರಡೂ ಬದಿಯ ಕೆಂಪು ಗುರುತು ತೋರಿಸುತ್ತಾರೆ. ನಾವು ಅವರ ಜೊತೆ ವಾದಕ್ಕೆ ನಿಲ್ಲುವುದಿಲ್ಲ. ನೋಸ್ ಪ್ಯಾಡ್ ಸರಿಮಾಡುತ್ತೇವೆ, ಕಡ್ಡಿಯನ್ನು ಕಿವಿಯ ಹಿಂದೆ ಇನ್ನಷ್ಟು ಬಗ್ಗಿಸುತ್ತೇವೆ, ಆಗದಿದ್ದರೆ ಫ್ರೇಮನ್ನೇ ಬದಲಿಸುತ್ತೇವೆ. ಮೂಗಿನ ಮೇಲೆ ಗುರುತು ಬಿದ್ದವರ ಎದುರು ಫ್ರೇಮಿನ ಗುಣಗಾನ ಮಾಡಿ ಏನು ಪ್ರಯೋಜನ?

ವಿಷನ್ ಪ್ರೊ ತೂಗುತ್ತಿದ್ದುದು 600ರಿಂದ 650 ಗ್ರಾಂ. ಎರಡು ಗಂಟೆಯಷ್ಟು ನಡೆಸುವ ಬ್ಯಾಟರಿ ಇದರಲ್ಲಿ ಸೇರಿಲ್ಲ. 353 ಗ್ರಾಂನ ಅದನ್ನು ತಂತಿಯಲ್ಲಿ ಜೋಡಿಸಿ ಜೇಬಿನಲ್ಲಿಟ್ಟುಕೊಳ್ಳಬೇಕು. ಗಾಜು, ಅಲ್ಯೂಮಿನಿಯಂ, ಪರದೆ, ಕ್ಯಾಮೆರಾ, ಫ್ಯಾನು ಎಲ್ಲವೂ ಹಣೆ ಮತ್ತು ಕೆನ್ನೆಯ ಮುಂದೆ. ಹಿಂದೆ ಹೆಣೆದ ಬಟ್ಟೆಯ ಪಟ್ಟಿ. ಪೆಟ್ಟಿಗೆಯಲ್ಲಿ ಎರಡು ಬಗೆಯ ಪಟ್ಟಿಗಳಿದ್ದವು. ಜಾಹೀರಾತಿನಲ್ಲಿ ಮೆರೆದದ್ದು ತಲೆಯ ಹಿಂಬದಿಯನ್ನು ಮಾತ್ರ ಸುತ್ತುವ ಚೆಂದದ ಪಟ್ಟಿ. ನೆತ್ತಿಯ ಮೇಲೂ ಹಾಯುವ ಇನ್ನೊಂದು ಪಟ್ಟಿಗೆ ಬದಲಾದ ಮೇಲೆಯೇ ಹಗುರವೆನಿಸಿತು ಎಂದು ಎಷ್ಟೋ ಬಳಕೆದಾರರು ಹೇಳಿಕೊಂಡರು. ನೆತ್ತಿಯ ಪಟ್ಟಿ ತುರುಬು ಕಟ್ಟುವವರಿಗೆ ತೊಡಕು. ಹಣೆಯನ್ನು ಒತ್ತುವ ಮೆತ್ತೆಗೆ ಕುಂಕುಮವೂ ಅಂಟುತ್ತದೆ, ಕಾಡಿಗೆ ಪೌಡರೂ ಅಂಟುತ್ತದೆ. ಮುಖಕ್ಕೆ ಹೊಂದುವ ಮೆತ್ತೆಯ ಅಳತೆಯನ್ನು ಫೋನಿನ ಕ್ಯಾಮೆರಾದಿಂದ ಮುಖ ಸ್ಕ್ಯಾನ್ ಮಾಡಿ ಆರಿಸುವ ವ್ಯವಸ್ಥೆ ನಿಜಕ್ಕೂ ಚೆನ್ನಾಗಿತ್ತು. ಆದರೆ ಸ್ಕ್ಯಾನ್ ಹಿಡಿಯುವುದು ಮುಖದ ಆಕಾರವನ್ನು. ಸಂಜೆ ಏಳಕ್ಕೆ, ದಿನದ ಕೆಲಸ ಮುಗಿಸಿದ ಕತ್ತು ಎಷ್ಟು ಭಾರ ತಾಳುತ್ತದೆ ಎಂಬುದು ಅದಕ್ಕೆ ಸಿಗುವುದಿಲ್ಲ.

ಮಳಿಗೆಯ ಪ್ರಾತ್ಯಕ್ಷಿಕೆಗೆ ನಾನೂ ಹೋಗಿದ್ದೆ. ಹೆಚ್ಚುಕಡಿಮೆ ಅರ್ಧ ಗಂಟೆಯದು, ದುಡ್ಡಿಲ್ಲ. ನನ್ನ ಕನ್ನಡಕವನ್ನು ಯಂತ್ರದಲ್ಲಿಟ್ಟು ಪವರ್ ಓದಿ, ಅದಕ್ಕೆ ಹೊಂದುವ ಮಸೂರ ಹಾಕಿಕೊಟ್ಟರು. ಎರಡು ಪರದೆ ಸೇರಿ 2.3 ಕೋಟಿ ಪಿಕ್ಸೆಲ್. ಅಕ್ಷರಗಳು ಅಚ್ಚಿನಷ್ಟು ಚೊಕ್ಕ. ಗೋಡೆ ತೆರೆದುಕೊಂಡು ಡೈನೋಸಾರ್ ತಲೆ ಹೊರಚಾಚುವ ಮೊದಲು ಚಿಟ್ಟೆಯೊಂದು ಹಾರಿ ಬಂದು ಚಾಚಿದ ಬೆರಳ ಮೇಲೆ ಕೂರುತ್ತದೆ. ಬೆರಳಿಗೆ ಏನೂ ತಗಲದಿದ್ದರೂ ಅದು ಹಾರಿಹೋದೀತೆಂದು ಕೈಯನ್ನು ಅಲುಗಿಸದೆ ಹಿಡಿದಿದ್ದೆ. ಇದನ್ನು ಕಟ್ಟಿದ ಎಂಜಿನಿಯರುಗಳ ಬಗ್ಗೆ ನನಗೆ ಆ ಕ್ಷಣದಲ್ಲಿ ಹುಟ್ಟಿದ ಗೌರವ ಇಂದಿಗೂ ಹಾಗೇ ಇದೆ. ಆದರೆ ಅರ್ಧ ಗಂಟೆ ಬೆರಗಿಗೆ ಸಾಕು, ಕಣ್ಣಿನ ಸ್ನಾಯುಗಳಿಗೆ ಸಾಲದು.

ಕಾರಣ ಹೇಳುತ್ತೇನೆ. ಹತ್ತಿರದ ವಸ್ತುವನ್ನು ನೋಡುವಾಗ ಎರಡೂ ಕಣ್ಣು ಮೂಗಿನ ಕಡೆ ವಾಲುತ್ತವೆ. ಅದೇ ಹೊತ್ತಿಗೆ ಕಣ್ಣಿನೊಳಗಿನ ಮಸೂರ ಉಬ್ಬಿ ಆ ದೂರಕ್ಕೆ ನೋಟವನ್ನು ಕೂಡಿಸುತ್ತದೆ. ಎಳವೆಯಿಂದಲೂ ಜೋಡಿಯಾಗಿ ನಡೆದುಬಂದ ಕೆಲಸಗಳಿವು. ಹೆಡ್‌ಸೆಟ್ಟಿನೊಳಗೆ ಚಿಟ್ಟೆ ಎಷ್ಟೇ ಹತ್ತಿರ ಬರಲಿ, ಅದರ ಬೆಳಕು ಕಣ್ಣಿಗೆ ಬರುವುದು ಒಂದೇ ದೂರದಿಂದ ಬಂದಂತೆ. ಕಣ್ಣು ವಾಲಬೇಕು, ಮಸೂರ ಮಾತ್ರ ಕದಲಬಾರದು. ಜೋಡಿ ಎತ್ತುಗಳಲ್ಲಿ ಒಂದನ್ನು ನಡೆಸಿ ಇನ್ನೊಂದನ್ನು ನಿಲ್ಲಿಸಿದ ಹಾಗೆ. ಈ ಜಗ್ಗಾಟ ಆಪಲ್‌ನದೊಂದೇ ಅಲ್ಲ, ಇಂದು ಅಂಗಡಿಯಲ್ಲಿ ಸಿಗುವ ಈ ಬಗೆಯ ಹೆಡ್‌ಸೆಟ್‌ಗಳಲ್ಲೆಲ್ಲ ಇದೆ. ಕೆಲವರಿಗೆ ಹತ್ತು ನಿಮಿಷಕ್ಕೇ ಹಣೆ ನೋಯುತ್ತದೆ, ಕೆಲವರಿಗೆ ಗಂಟೆಗಟ್ಟಲೆ ನೋಡಿದರೂ ಏನೂ ಆಗದು. ಚಾಳೀಸು ಬಂದವರ ಕಣ್ಣಿನ ಮಸೂರ ಹೇಗೂ ಹೆಚ್ಚು ಕದಲುವುದಿಲ್ಲವಾದ್ದರಿಂದ ಅವರಿಗೆ ಈ ಕಷ್ಟ ಕಡಿಮೆ ಇರಬಹುದು. ಹೀಗಾಗಿ ನನ್ನ ಕಣ್ಣಿಗೆ ಹಿತವಾದದ್ದು ನನ್ನ ಮಗಳ ಕಣ್ಣಿಗೂ ಹಿತವೆಂದು ನಾನು ಹೇಳಲಾರೆ. ವಿಮರ್ಶಕರೂ ಹೇಳಲಾರರು.

ಆ ದಿನಗಳಲ್ಲಿ ದೊಡ್ಡ ಸದ್ದು ಮಾಡಿದ ಪ್ರತಿಕ್ರಿಯೆಗಳು ಬೇರೆಯೇ ಇದ್ದವು. ಟೆಸ್ಲಾ ಕಾರಿನಲ್ಲಿ ಹೆಡ್‌ಸೆಟ್ ತೊಟ್ಟು ಗಾಳಿಯಲ್ಲಿ ಬೆರಳಾಡಿಸುವವರ ವಿಡಿಯೊಗಳು ಹರಿದಾಡಿ, ಚಾಲಕ ಸದಾ ರಸ್ತೆಯ ಮೇಲೆ ಗಮನ ಇಟ್ಟಿರಲೇಬೇಕು ಎಂದು ಅಮೆರಿಕದ ಆಗಿನ ಸಾರಿಗೆ ಕಾರ್ಯದರ್ಶಿ ಪೀಟ್ ಬುಟಿಜೆಜ್ ಎಚ್ಚರಿಸಬೇಕಾಯಿತು. ತಮ್ಮ 499 ಡಾಲರಿನ ಕ್ವೆಸ್ಟ್ 3 ಹೆಡ್‌ಸೆಟ್ ವಿಷನ್ ಪ್ರೊಗಿಂತ ಮೇಲು ಎಂದು ಮೆಟಾದ ಮಾರ್ಕ್ ಜುಕರ್‌ಬರ್ಗ್ ವಿಡಿಯೊ ಹಾಕಿದರು. ನೆಟ್‌ಫ್ಲಿಕ್ಸ್, ಯೂಟ್ಯೂಬ್, ಸ್ಪಾಟಿಫೈ ತಮ್ಮ ಆ್ಯಪ್ ಕೊಡಲಿಲ್ಲವೆಂಬ ಗೊಣಗಾಟವೂ ಇತ್ತು. ಇವೆಲ್ಲ ಕೆಲವು ವಾರಗಳ ಗದ್ದಲ.

ನನ್ನ ಮನಸ್ಸಿನಲ್ಲಿ ನಿಂತ ಪ್ರತಿಕ್ರಿಯೆ ಕ್ಲಿನಿಕ್ಕಿನಲ್ಲಿ ಕೇಳಿದ್ದು. ಧಾರವಾಡದ ಕಡೆಯ ದಂಪತಿ. ಆತ ಇನ್ನೂ ಕೊಂಡಿರಲಿಲ್ಲ, ಮಸೂರಕ್ಕೆ ಚೀಟಿ ಮಾಡಿಸಲು ಬಂದಿದ್ದರು. ಕಾಯುತ್ತ ಕೂತಾಗ ಆಕೆ ಕೇಳಿದರು: “ಅಲ್ರೀ, ಅದನ್ನ ಹಾಕ್ಕೊಂಡು ಸಿನಿಮಾ ನೋಡೂಮುಂದ ಬಾಜೂಕ ಕೂತ ನಾ ನಿಮಗ ಕಾಣ್ತೀನೇನ್ರೀ?”

“ಕಾಣ್ತೀಯಲಾ, ಅದರಾಗ ಕ್ಯಾಮೆರಾ ಅವ.”

“ನಾ ನಿಮಗ ಕಾಣ್ತೀನಿ, ಖರೇ. ಸಿನಿಮಾ ನನಗ ಕಾಣಬೇಕಲ್ರೀ?”

ಅದಕ್ಕೆ ಆತನ ಬಳಿ ಉತ್ತರ ಇರಲಿಲ್ಲ. ತೊಟ್ಟವರ ಕಣ್ಣನ್ನು ಎದುರಿನವರಿಗೆ ತೋರಿಸಲೆಂದು ಹೊರಗಾಜಿನ ಮೇಲೂ ಒಂದು ಪರದೆ ಕೂರಿಸುವಷ್ಟು ಆಪಲ್ ಈ ಒಂಟಿತನದ ಬಗ್ಗೆ ಯೋಚಿಸಿತ್ತು. ಆದರೂ ಮನೆಯ ನಾಲ್ವರು ಸೇರಿ ನೋಡುವ ಟಿವಿಗೆ ಒಂದು ಬೆಲೆ, ಇದಕ್ಕೆ ನಾಲ್ಕು ಬೆಲೆ. ಬೆಲೆ ಹೆಚ್ಚಾಯಿತು ಎಂದು ಜನ ಅಂದದ್ದನ್ನು ಬರೀ ಜಿಪುಣತನವೆಂದು ತಳ್ಳಿಹಾಕಿದವರು ಈ ಲೆಕ್ಕವನ್ನು ನೋಡಲೇ ಇಲ್ಲ.

ಇಟ್ಟುಕೊಂಡವರ ಮಾತನ್ನೂ ಹೇಳಲೇಬೇಕು. ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ಇದನ್ನು ತೊಟ್ಟು ರಂಧ್ರ ಶಸ್ತ್ರಚಿಕಿತ್ಸೆ ಮಾಡಿ ಪರೀಕ್ಷಿಸಿದ್ದಾರೆ. ದೂರದ ಮಾನಿಟರಿನ ಕಡೆ ಕತ್ತು ತಿರುಗಿಸಿ ದುಡಿಯುವ ಅವರಿಗೆ ಚಿತ್ರ ತಮಗೆ ಬೇಕಾದ ಕಡೆಯೇ ಕಾಣುವುದು ದೊಡ್ಡ ಅನುಕೂಲ. ಒಂದೇ ಯಂತ್ರ ಒಬ್ಬರ ಕತ್ತಿಗೆ ನೋವು, ಇನ್ನೊಬ್ಬರ ಕತ್ತಿಗೆ ಆರಾಮ. ದೃಷ್ಟಿ ಮಂದವಾದವರಿಗಾಗಿ, ಎದುರಿನ ಇಡೀ ದೃಶ್ಯವನ್ನು ಹೆಡ್‌ಸೆಟ್ಟಿನ ಕ್ಯಾಮೆರಾದಿಂದಲೇ ಹಿಗ್ಗಿಸಿ ತೋರಿಸುವ ಸೌಲಭ್ಯವನ್ನು 2025ರ ಮೇನಲ್ಲಿ ಆಪಲ್ ಪ್ರಕಟಿಸಿತು. ಅಕ್ಷಿಪಟಲ ಸವೆದು ಮೊಮ್ಮಗುವಿನ ಮುಖ ಗುರುತಿಸಲಾಗದೆ ಕಣ್ಣೀರು ಹಾಕಿದವರನ್ನು ನಾನು ಕುರ್ಚಿಯ ಎದುರಿನಿಂದ ನೋಡಿದ್ದೇನೆ. ಅಂಥವರಿಗೆ ಇದು ನೆರವಾಗುವುದಾದರೆ 650 ಗ್ರಾಂ ಯಾವ ಲೆಕ್ಕ?

ಎಷ್ಟು ಮಾರಾಟವಾಯಿತು, ಎಷ್ಟು ವಾಪಸ್ ಬಂತು ಎಂಬುದನ್ನು ಆಪಲ್ ಪ್ರಕಟಿಸಿಲ್ಲ. ಆದರೆ 2025ರ ಅಕ್ಟೋಬರಿನಲ್ಲಿ ಎಂ5 ಚಿಪ್ಪಿನ ಹೊಸ ಮಾದರಿ ಬಂದಾಗ ಅದರ ಜೊತೆ ಹೊಸ ಪಟ್ಟಿಯೂ ಬಂತು. ನೆತ್ತಿಯ ಮೇಲೊಂದು, ಹಿಂದೊಂದು. ಹಿಂದಿನದರೊಳಗೆ ಟಂಗ್‌ಸ್ಟನ್ ತುಣುಕುಗಳು, ಮುಂದಿನ ಭಾರವನ್ನು ಸರಿದೂಗಿಸಲು. ಒಟ್ಟು ತೂಕ 750 ಗ್ರಾಂ ದಾಟಿತು, ಬೆಲೆ ಅಷ್ಟೇ ಉಳಿಯಿತು. ಭಾರ ಇಳಿಯದೆ ಹೋದರೂ ಹಂಚಿಕೆಯಾಯಿತು. ಹಳೆಯ ಗಿರಾಕಿಗಳಿಗೂ ಆ ಪಟ್ಟಿಯನ್ನು 99 ಡಾಲರಿಗೆ ಬಿಡಿಯಾಗಿ ಮಾರಿದರು. ಕಡ್ಡಿಯ ತುದಿಯನ್ನು ಭಾರ ಮಾಡಿ ಮೂಗನ್ನು ಉಳಿಸುವ ನಮ್ಮ ಹಳೆಯ ಉಪಾಯವೇ ಇದು. ಕತ್ತು ನೋಯುತ್ತದೆ ಎಂದು ಹೇಳಿದವರ ಮಾತು ಕುಪರ್ಟಿನೊದವರ ಕಿವಿಗೆ ಬಿದ್ದಿದೆ ಎಂದೇ ನಾನು ಓದಿಕೊಳ್ಳುತ್ತೇನೆ.

ಈಗ ನಮ್ಮ ದೇಶದ ವಿಚಾರ. ಆಪಲ್ ಇದನ್ನು ಜಪಾನ್, ಸಿಂಗಪುರ, ಬ್ರಿಟನ್‌ಗಳಿಗೆ ಒಯ್ದರೂ ಭಾರತದ ಮಳಿಗೆಗಳಲ್ಲಿ ಇಟ್ಟಿಲ್ಲ. ಬೆಂಗಳೂರಿನವರು ಅಮೆರಿಕದ ನಂಟರಿಗೆ “ಬರುವಾಗ ಒಂದು ತಂದುಕೊಡಿ” ಎನ್ನುತ್ತಾರೆ. ವಾಪಸ್ ಕೊಡುವ 14 ದಿನದ ಅವಕಾಶ ವಿಮಾನ ಹತ್ತಿದಾಗಲೇ ಅರ್ಧ ಮುಗಿದಿರುತ್ತದೆ. ಮುಖಕ್ಕೆ ತೊಡುವ ಬೇರೆ ಸಾಧನಗಳಂತೂ ಆಗಲೇ ಬಂದಿವೆ: ರೇ-ಬ್ಯಾನ್ ಮೆಟಾ ಸ್ಮಾರ್ಟ್ ಕನ್ನಡಕ 2025ರ ಮೇನಲ್ಲಿ 29,900 ರೂಪಾಯಿಯ ಆರಂಭಿಕ ಬೆಲೆಗೆ ಭಾರತಕ್ಕೆ ಬಂತು. ನಮ್ಮ ಆನ್‌ಲೈನ್ ಅಂಗಡಿಗಳಲ್ಲಿ ಎಲೆಕ್ಟ್ರಾನಿಕ್ ಸರಕಿಗೆ ಎಷ್ಟೋ ಸಲ ಇರುವುದು ಬದಲಿ ಕೊಡುವ ಭರವಸೆ ಮಾತ್ರ, ಹಣ ವಾಪಸ್ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ 30 ದಿನದೊಳಗೆ ಹಿಂಪಡೆಯದಿರುವುದನ್ನು ಅನುಚಿತ ವ್ಯಾಪಾರವೆನ್ನುತ್ತದೆ. ಒಳ್ಳೆಯ ಕಾಯ್ದೆ. ಆದರೆ ತಲೆನೋವು ತರುವ ಹೆಡ್‌ಸೆಟ್ಟಿನಲ್ಲಿ ದೋಷವೇ ಇರುವುದಿಲ್ಲ. ಅದರ ಬಿಡಿಭಾಗಗಳೆಲ್ಲ ಸರಿಯಾಗಿಯೇ ಓಡುತ್ತಿರುತ್ತವೆ. ಬದಲಿಗೆ ಬಂದ ಇನ್ನೊಂದು ಪೆಟ್ಟಿಗೆಯೂ ಅದೇ ತಲೆನೋವನ್ನು ತರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮುಖಕ್ಕೆ, ಕಣ್ಣಿಗೆ ತೊಡುವ ಸಾಧನ ಮಾರುವವರು ಮನೆಯಲ್ಲಿ ಬಳಸಿ ನೋಡಲು ಎರಡು ವಾರ ಕೊಡಬೇಕು. ಒಗ್ಗದಿದ್ದರೆ ಕಾರಣ ಕೆದಕದೆ ಹಣ ಹಿಂದಿರುಗಿಸಬೇಕು. ಕಂಪನಿಗಳು ತಾವಾಗಿ ಕೊಡದಿದ್ದರೆ ನಿಯಮವೇ ಬರಬೇಕು. ಅಲ್ಲಿಯವರೆಗೆ, ಹೆಡ್‌ಸೆಟ್ ಬೇಕೆಂದು ಕೇಳಿದ ಬೆಂಗಳೂರಿನ ನನ್ನ ಅಣ್ಣನ ಮಗನಿಗೆ ಬರೆದದ್ದನ್ನೇ ಇಲ್ಲೂ ಬರೆಯುತ್ತೇನೆ. ಮೊದಲು ಕಣ್ಣು ಪರೀಕ್ಷೆ ಮಾಡಿಸಿಕೊ, ಪ್ರಿಸಂ ಇದೆಯೇ ಎಂದು ಕೇಳಿಕೋ. ತರಿಸಿಕೊಳ್ಳಬೇಡ, ಇಲ್ಲಿಗೆ ಬರುವ ಯೋಗವಿದ್ದರೆ ಬಂದ ಮರುದಿನವೇ ಕೊಂಡು ನಮ್ಮ ಮನೆಯಲ್ಲಿ ಬಳಸು. ಸಂಜೆ ದಣಿದಿರುವಾಗ ತೊಟ್ಟು ಒಂದಿಡೀ ಸಿನಿಮಾ ನೋಡು, ಮರುದಿನ ಅದರಲ್ಲೇ ಆಫೀಸಿನ ಕೆಲಸ ಮಾಡು. ಬಿಲ್ಲು, ಪೆಟ್ಟಿಗೆ ಎರಡನ್ನೂ ಜೋಪಾನ ಮಾಡು. ಬೆಳಿಗ್ಗೆ ಎದ್ದಾಗ ಕತ್ತು ಹಿಡಿದಿದ್ದರೆ ಅಂಗಡಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.