ಹೊಸ ನೀರಿನ ಹೂಳು

ಮಲೆನಾಡಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಸುರಿದರೆ ಹೊಸಪೇಟೆಯ ತುಂಗಭದ್ರಾ ಜಲಾಶಯಕ್ಕೆ ಕೆಮ್ಮಣ್ಣು ಕದಡಿದ ಹೊಸ ನೀರು ನುಗ್ಗುತ್ತದೆ. ಒಳಹರಿವು ಎಷ್ಟು ಸಾವಿರ ಕ್ಯುಸೆಕ್ ಎಂಬುದು ಮರುದಿನದ ಪತ್ರಿಕೆಯಲ್ಲಿರುತ್ತದೆ. ಜತೆಗೆ ಎಷ್ಟು ಮಣ್ಣು ಬಂತು ಎಂಬುದು ಮಾತ್ರ ಯಾವ ಪುಟದಲ್ಲೂ ಇರುವುದಿಲ್ಲ.

ಆ ಲೆಕ್ಕ ಸಿಗುವುದು ವರ್ಷಗಳ ಮೇಲೆ. 1953ರಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ 2008ರ ಸಮೀಕ್ಷೆಯಲ್ಲಿ 100.855ಕ್ಕೆ ಕುಸಿದಿತ್ತು. 2016ರ ಸಮೀಕ್ಷೆ 105.788 ಎಂದಿತು! ನಡುವೆ ಐದು ಟಿಎಂಸಿಯಷ್ಟು ಹೂಳನ್ನು ಯಾರೂ ಎತ್ತಿರಲಿಲ್ಲ; ಅಳೆಯುವ ವಿಧಾನ ಬದಲಾಗಿತ್ತು, ಅಷ್ಟೆ.

ನದಿ ಹೊತ್ತು ತರುವಾಗಲೇ ಮಣ್ಣನ್ನು ಅಳೆಯಬಾರದೇ? ಅಳೆಯುತ್ತಾರೆ. ಮಾಪನ ಕೇಂದ್ರಗಳಲ್ಲಿ ಬಾಟಲಿಗೆ ನೀರು ತುಂಬಿ, ಸೋಸಿ, ಒಣಗಿಸಿ, ತೂಗುತ್ತಾರೆ. ಹೊತ್ತುಹೊತ್ತಿಗೂ ಇದು ಆಗದ ಕೆಲಸ. ಹಾಗಾಗಿ ಇಷ್ಟು ನೀರಿಗೆ ಇಷ್ಟು ಮಣ್ಣು ಎಂದು ಒಂದು ಗೆರೆ ಎಳೆದು, ಅಳೆಯದ ಗಂಟೆಗಳನ್ನು ಅದರಿಂದ ತುಂಬಿಸುತ್ತಾರೆ. ಹೂಳಿನ ಗಣಿತ ಮಾದರಿಗಳಲ್ಲಿ ತೀರಾ ಸರಳವಾದದ್ದು ಇದೇ.

ಆದರೆ ನದಿ ಗೆರೆಯ ಮಾತು ಕೇಳುವುದಿಲ್ಲ. ಪ್ರವಾಹ ಏರುವಾಗಲೂ ಇಳಿಯುವಾಗಲೂ ಹರಿವು ಒಂದೇ ಇರಬಹುದು, ಮಣ್ಣು ಒಂದೇ ಇರುವುದಿಲ್ಲ. ಬೇಸಿಗೆಯಿಡೀ ಸಡಿಲಗೊಂಡ ಹೊಲದ ಮಣ್ಣು, ಹಳ್ಳದ ತಳದ ರಾಡಿ ಮೊದಲ ಏರಿಕೆಗೇ ಕೊಚ್ಚಿ ಬರುತ್ತವೆ. ಎಷ್ಟೋ ನದಿಗಳಲ್ಲಿ ನೀರು ಗರಿಷ್ಠ ಮಟ್ಟ ಮುಟ್ಟುವ ಮೊದಲೇ ಅದರೊಳಗಿನ ಮಣ್ಣು ತೆಳುವಾಗತೊಡಗುತ್ತದೆ. ಮರುದಿನ ಬೆಳಿಗ್ಗೆ ಬಾಟಲಿ ಅದ್ದಿದವರಿಗೆ ಸಿಗುವುದು ಅಳಿದುಳಿದದ್ದು. ಎಷ್ಟು ಆಳದಲ್ಲಿ ಅದ್ದಿದರು ಎಂಬುದೂ ಮುಖ್ಯ: ನುಣುಪು ಜೇಡಿ ಮೇಲಿಂದ ತಳದವರೆಗೆ ಹೆಚ್ಚುಕಡಿಮೆ ಸಮನಾಗಿರುತ್ತದೆ, ಮರಳು ತಳದ ಬಳಿಯೇ ದಟ್ಟ. ಅಮೆರಿಕದ ಎಂಜಿನಿಯರ್ ಹಂಟರ್ ರೌಸ್ ಇದಕ್ಕೆ 1937ರಲ್ಲೇ ಸೂತ್ರ ಕೊಟ್ಟಿದ್ದರು. ಗೆರೆಯೊಳಗೇ ಇನ್ನೊಂದು ದೋಷವಿದೆ ಎಂದು 1986ರಲ್ಲಿ ತೋರಿಸಿದವರು ಸಂಶೋಧಕ ರಾಬ್ ಫರ್ಗುಸನ್. ಲಾಗರಿದಮ್ ಲೆಕ್ಕದಲ್ಲಿ ಎಳೆದ ಗೆರೆ ಮಣ್ಣನ್ನು ಕಡಿಮೆ ತೋರಿಸುತ್ತದೆ, ಕೆಲವೊಮ್ಮೆ ಅರ್ಧದಷ್ಟು. ತಿದ್ದುವ ಬಗೆಯನ್ನೂ ಅವರೇ ಹೇಳಿದರು.

ಕನ್ನಡದಲ್ಲಿ ಸ್ಯಾಂಪಲ್ಲೂ ಮಾದರಿಯೇ, ಮಾಡೆಲ್ಲೂ ಮಾದರಿಯೇ. ಹೂಳಿನ ಮಟ್ಟಿಗೆ ಈ ಗೊಂದಲವೇ ಸರಿ: ಮೊದಲನೆಯದು ಕೆಟ್ಟರೆ ಎರಡನೆಯದು ಎಷ್ಟು ದೊಡ್ಡ ಕಂಪ್ಯೂಟರಿನಲ್ಲಿ ಓಡಿದರೂ ಕೆಟ್ಟದ್ದೇ.

ಹೂಳಿಗೆ ಬಿಟ್ಟುಕೊಟ್ಟ ನೀರನ್ನು ಹಿಡಿಯಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಆದರೆ ಬರುವ ಮಣ್ಣನ್ನೇ ಮೊದಲು ಅಳೆಯಬಹುದು: ನೀರಿನ ಕದಡನ್ನು ಬೆಳಕು ಹಾಯಿಸಿ ಅಳೆದು, ನಿಮಿಷಗಳ ಅಂತರದಲ್ಲಿ ದಾಖಲಿಸುವ ಉಪಕರಣಗಳಿಗೆ ಅಣೆಕಟ್ಟಿನಷ್ಟು ಹಣ ಬೇಕಿಲ್ಲ. ತುಂಗಾ, ಭದ್ರಾ, ವರದಾ ನದಿಗಳಲ್ಲಿ ಅವನ್ನು ಕೂರಿಸಿ, ಬಾಟಲಿಯ ತೂಕದೊಂದಿಗೆ ತಾಳೆ ನೋಡಲಿ. ಮುಂದಿನ ಮುಂಗಾರಿನ ಮೊದಲ ಏರಿಕೆ ನಡುರಾತ್ರಿ ಬಂದರೂ ಅಲ್ಲೊಬ್ಬರು ಎದ್ದಿರಲಿ.