ದುಡ್ಡು ಮೊದಲೋ, ಸಾಮಾನು ಮೊದಲೋ?

ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಸಣ್ಣದೊಂದು ಸಂತೆ ನೆರೆಯುತ್ತದೆ. ಊರಿಗೆ ಹೊರಟವರು ಡ್ರಾಫ್ಟರ್, ಲ್ಯಾಬ್ ಕೋಟ್, ಕ್ಯಾಲ್ಕುಲೇಟರ್, ಸೈಕಲ್, ಕೆಲವೊಮ್ಮೆ ಲ್ಯಾಪ್‌ಟಾಪನ್ನೂ ಕಿರಿಯರಿಗೆ ಮಾರಿ ಹೋಗುತ್ತಾರೆ. ಬಹಳ ಒಳ್ಳೆಯ ಪದ್ಧತಿ ಇದು. ಎಷ್ಟೋ ಮನೆಗಳ ದುಡ್ಡು ಉಳಿಸಿದೆ. ಆದರೆ ಈಗ ಈ ವ್ಯಾಪಾರ ಹಾಸ್ಟೆಲ್ ಗೋಡೆ ದಾಟಿ ವಾಟ್ಸಾಪ್ ಗುಂಪುಗಳಿಗೂ ಹಳೆ ಸಾಮಾನು ಮಾರುವ ಆ್ಯಪ್‌ಗಳಿಗೂ ಹಬ್ಬಿದೆ. ಅಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ನಗದೇ ಕ್ಷೇಮ ಎನ್ನುತ್ತಾರೆ ಹಿರಿಯರು. ಯುಪಿಐ ಇರುವಾಗ ಹೆದರಿಕೆ ಯಾಕೆ ಎನ್ನುತ್ತಾರೆ ಹುಡುಗರು. ನನಗೆ ಎರಡೂ ಅರ್ಧ ವಾದಗಳೆನಿಸುತ್ತವೆ. ಸಾಮಾನು ಮತ್ತು ದುಡ್ಡು ಎದುರೆದುರೇ, ಒಂದೇ ಹೊತ್ತಿಗೆ ಕೈಬದಲಾದರೆ ನಗದಿಗೂ ಯುಪಿಐಗೂ ಹೆಚ್ಚು ವ್ಯತ್ಯಾಸವಿಲ್ಲ. ಎರಡರ ನಡುವೆ ಎರಡು ದಿನವೋ ಇನ್ನೂರು ಕಿಲೋಮೀಟರೋ ಬಂದಾಗ, ಆ ಅಂತರದ ನಷ್ಟ ಯಾರ ತಲೆಗೆ ಎಂಬುದು ಮೊದಲು ಇತ್ಯರ್ಥವಾಗಬೇಕು.

2016ರಲ್ಲಿ ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ತಂದ ಯುಪಿಐ ಹಣವನ್ನು ಕ್ಷಣದಲ್ಲಿ ಖಾತೆಯಿಂದ ಖಾತೆಗೆ ಮುಟ್ಟಿಸುತ್ತದೆ. ಪಿನ್ ಒತ್ತಿದ ಮೇಲೆ ವಾಪಸು ಎಳೆಯಲು ಬರುವುದಿಲ್ಲ. ಗ್ರಾಹಕರ ಹೊಣೆಗೆ ಮಿತಿ ಹಾಕಿ ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆ, ನಮ್ಮ ಒಪ್ಪಿಗೆಯಿಲ್ಲದೆ ನಡೆದ ವಹಿವಾಟಿಗೆ ಸಂಬಂಧಿಸಿದ್ದು. ನಾವೇ ಪಿನ್ ಹಾಕಿ ಅಡ್ವಾನ್ಸ್ ಕಳಿಸಿ, ಆಮೇಲೆ ಲ್ಯಾಪ್‌ಟಾಪ್ ಬರಲೇ ಇಲ್ಲ ಎಂದರೆ ಆ ರಕ್ಷಣೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಆದ್ದರಿಂದ ಕಾಣದ ಊರಿನ ಅಪರಿಚಿತನಿಗೆ ಮುಂಗಡ ಕಳಿಸಲು ಯುಪಿಐ ತಕ್ಕ ದಾರಿಯಲ್ಲ. ವಸ್ತು ಕೈಸೇರಿದ ಮೇಲೆ ದುಡ್ಡು ಕೊಡುವ ವ್ಯವಸ್ಥೆ ಇದ್ದರೆ ಸರಿ. ಇಲ್ಲವಾದರೆ ಆ ವ್ಯಾಪಾರ ಬಿಡುವುದೇ ಮೇಲು.

ಮೋಸ ಕೊಳ್ಳುವವರಿಗೆ ಮಾತ್ರ ಎಂದುಕೊಳ್ಳಬೇಡಿ. ಸೈಕಲ್ಲಿಗೆ ನಾಲ್ಕು ಸಾವಿರ ಎಂದು ಜಾಹೀರಾತು ಹಾಕಿದ ಹುಡುಗಿಗೆ ಫೋನ್ ಬರುತ್ತದೆ. ಆ ಕಡೆಯವನು ಸೇನೆಯಲ್ಲಿದ್ದೇನೆ ಎನ್ನುತ್ತಾನೆ, ಚೌಕಾಸಿಯನ್ನೇ ಮಾಡುವುದಿಲ್ಲ. ‘ಈಗಲೇ ದುಡ್ಡು ಹಾಕ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ನಿಮ್ಮ ಖಾತೆಗೆ ಬರುತ್ತೆ’ ಎನ್ನುತ್ತಾನೆ. ಪಿನ್ ಒತ್ತಿದ ಕೂಡಲೇ ಅವಳ ಖಾತೆಯಿಂದ ನಾಲ್ಕು ಸಾವಿರ ಹೋಗುತ್ತದೆ. ಹಣ ಪಡೆಯಲು ಪಿನ್ ಬೇಕಿಲ್ಲ, ಸ್ಕ್ಯಾನೂ ಬೇಕಿಲ್ಲ. ಇಂಥ ಮೋಸಕ್ಕೆ ಬಳಕೆಯಾಗುತ್ತಿದ್ದ, ಒಬ್ಬ ವ್ಯಕ್ತಿ ಇನ್ನೊಬ್ಬರಲ್ಲಿ ಹಣ ಕೇಳುವ ‘ಕಲೆಕ್ಟ್’ ಕೋರಿಕೆಯನ್ನು ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದೆ. ಆದರೆ ಕ್ಯೂಆರ್ ಕೋಡಿನ ದಾರಿ ಇನ್ನೂ ತೆರೆದೇ ಇದೆ. ಹಣ ಕಳಿಸಿದ್ದೇನೆಂದು ತೋರಿಸುವ ಸ್ಕ್ರೀನ್‌ಶಾಟನ್ನೂ ನಂಬುವಂತಿಲ್ಲ. ಅಂಥ ಸ್ಕ್ರೀನ್ ತೋರಿಸುವ ನಕಲಿ ಆ್ಯಪ್‌ಗಳೇ ಇವೆ. ನಿಮ್ಮ ಬ್ಯಾಂಕಿನ ಬ್ಯಾಲೆನ್ಸ್ ನೋಡಿ, ಆಮೇಲೆ ಸೈಕಲ್ಲಿನ ಕೀ ಕೊಡಿ. ಹಳೆಯ ಫೋನ್ ಕೊಳ್ಳುವವರು *#06# ಒತ್ತಿ ಐಎಂಇಐ ಸಂಖ್ಯೆ ತೆಗೆದು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಪರೀಕ್ಷಿಸಿಯೇ ದುಡ್ಡು ಕೊಡಬೇಕು. ಕದ್ದ ಫೋನಿಗೆ ಎಷ್ಟು ಸುರಕ್ಷಿತವಾಗಿ ಹಣ ಕೊಟ್ಟರೂ ಅದು ದಂಡವೇ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ‘ನನ್ನ ಲಿಮಿಟ್ ಮುಗಿದಿದೆ, ನಿನ್ನ ಖಾತೆಗೆ ಹಾಕಿಸ್ತೀನಿ, ಸ್ವಲ್ಪ ಇಟ್ಕೊಂಡು ಉಳಿದದ್ದು ಕಳಿಸು’ ಎಂದು ವಿದ್ಯಾರ್ಥಿಯನ್ನು ಕೇಳುವವರಿದ್ದಾರೆ. ಎಲ್ಲೋ ಯಾರಿಗೋ ವಂಚಿಸಿದ ಹಣ ಆ ವಿದ್ಯಾರ್ಥಿಯ ಖಾತೆ ಹಾಯ್ದು ಹೋಗುತ್ತದೆ. ಪೊಲೀಸರು ಜಾಡು ಹಿಡಿದು ಬಂದಾಗ ಮೊದಲು ಸಿಗುವುದು ಅವನ ಹೆಸರು. ಖಾತೆ ಸ್ಥಗಿತವಾಗುತ್ತದೆ, ಅದರಲ್ಲಿದ್ದ ವಿದ್ಯಾರ್ಥಿವೇತನವೂ ಸಿಕ್ಕಿಕೊಳ್ಳುತ್ತದೆ. ಹಣ ಕಳೆದುಕೊಂಡವನಿಗೆ ಅನುಕಂಪವಾದರೂ ಸಿಗುತ್ತದೆ; ಇವನು ಆರೋಪಿಯಾಗಿ ನಿಲ್ಲಬೇಕು. ಖಾತೆಯನ್ನು ಗೆಳೆಯನಿಗೂ ಎರವಲು ಕೊಡಬಾರದು.

ಮೋಸವಾದರೆ ನಾಚಿಕೆಪಟ್ಟು ಕೂರದೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮೊದಲೇ ದೂರು ದಾಖಲಾದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಕಾಲೇಜುಗಳಿಗೂ ಒಂದು ಕೋರಿಕೆ: ವರ್ಷದ ಕೊನೆಯ ವಾರ ಗ್ರಂಥಾಲಯದ ಮುಂದೆ ನಾಲ್ಕು ಮೇಜು ಹಾಕಿಸಿ, ಗುರುತಿನ ಚೀಟಿ ತೋರಿಸಿದವರಿಗೆ ಅಲ್ಲೇ ಕೊಳ್ಳಲು, ಮಾರಲು ಜಾಗ ಮಾಡಿಕೊಡಿ.