ಬಲ್ಲವರಿಗೋ, ಬೇಕಾದವರಿಗೋ?

ಬಳ್ಳಾರಿಯ ಅದಿರಿನ ಕೆಂಧೂಳು, ಸ್ಪಾಂಜ್ ಐರನ್ ಘಟಕಗಳ ಕರಿಹೊಗೆ ಜಾತಿ-ಮತ ಕೇಳಿ ಶ್ವಾಸಕೋಶವನ್ನು ಸೇರುವುದಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯ ಹಮಾಲ, ಕುರುಗೋಡಿನ ರೈತ, ಎಲ್ಲರ ಉಸಿರಿನ ಕಾವಲು ಒಂದೇ ಸಂಸ್ಥೆಯದು: ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ನಿಯಮ ಮೀರಿದ ಕಾರ್ಖಾನೆಯನ್ನು ಮುಚ್ಚಿಸುವ, ಅದರ ವಿದ್ಯುತ್ ಕಡಿತಗೊಳಿಸುವ ಅಧಿಕಾರವನ್ನು 1981ರ ವಾಯು ಕಾಯ್ದೆ ಅದಕ್ಕೆ ನೀಡಿದೆ.

ಅಧ್ಯಕ್ಷರಿಗೆ ಪರಿಸರ ಸಂರಕ್ಷಣೆಯ ವಿಶೇಷ ಜ್ಞಾನವೋ, ಅಂತಹ ಸಂಸ್ಥೆಗಳನ್ನು ನಡೆಸಿದ ಅನುಭವವೋ ಇರಬೇಕೆಂದು ಮಂಡಳಿಗೆ ಜನ್ಮವಿತ್ತ 1974ರ ಜಲ ಕಾಯ್ದೆಯೇ ವಿಧಿಸಿದೆ. ನೇಮಕಾತಿಗೆ ಆರು ತಿಂಗಳೊಳಗೆ ನಿಯಮ ರೂಪಿಸಿರೆಂದು 2017ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು. ಆದರೂ 2019ರಲ್ಲಿ ಮೈತ್ರಿ ಸರಕಾರವು ಈ ಹುದ್ದೆಯನ್ನು ಆಡಳಿತ ಪಕ್ಷದ ಶಾಸಕ ಡಾ. ಕೆ. ಸುಧಾಕರ್ ಅವರಿಗೆ ಒಪ್ಪಿಸಿತು. ಅವರ ವಿದ್ಯೆಯ ಬಗ್ಗೆ ನಮ್ಮ ತಕರಾರಿಲ್ಲ. ನಿಗಮ-ಮಂಡಳಿಗಳನ್ನು ಪಕ್ಷದವರಿಗೆ ಹಂಚುವ ಪರಿಪಾಠದ ಬಗ್ಗೆ ಇದೆ. ಪಕ್ಷದ ಋಣದಿಂದ ಕುರ್ಚಿ ಪಡೆದವರು ಪಕ್ಷಕ್ಕೆ ಬೇಕಾದ ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕಿಸಬಲ್ಲರೇ?

ಅದೇ 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ರಾಜ್ಯದ ನಾಲ್ಕು ನಗರಗಳು ಸೇರಿದವು, ಬಳ್ಳಾರಿ ಸೇರಲಿಲ್ಲ. ನಮ್ಮ ಧೂಳಿನ ಲೆಕ್ಕ ಕೇಳುವವರು ಯಾರು? ಮತ ಯಾಚಿಸಲು ಬರುವವರನ್ನು ನಾವು ಒಂದೇ ಪ್ರಶ್ನೆ ಕೇಳೋಣ: ನಮ್ಮ ಗಾಳಿಯ ಕಾವಲನ್ನು ಬಲ್ಲವರಿಗೆ ಒಪ್ಪಿಸುವಿರೋ, ನಿಮಗೆ ಬೇಕಾದವರಿಗೋ?